ಬೋರ್ಡ್ ನಂಬರ್ ಎತ್ತುವವರನ್ನು ಕೇಳಿದಿರಾ?

ಕಚೇರಿ ಫೋನು, ಲೈನು, ಎಕ್ಸ್‌ಚೇಂಜು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮದು 120 ಜನರ ಕಂಪನಿ. ಒಂದು ಮುಖ್ಯ ಕಚೇರಿ, ಒಂದು ಶಾಖೆ, ಒಂದು ಗೋದಾಮು. ಐಟಿ ವಿಭಾಗದಲ್ಲಿ ನಾವು ಮೂವರು. ಸರ್ವರ್, ನೆಟ್‌ವರ್ಕ್, ಲ್ಯಾಪ್‌ಟಾಪ್ ಎಲ್ಲ ನಮ್ಮ ಕೈಯಲ್ಲಿದೆ. ಫೋನ್ ಮಾತ್ರ ಇಷ್ಟು ವರ್ಷ ಆಡಳಿತ ವಿಭಾಗದವರು ನೋಡಿಕೊಳ್ಳುತ್ತಿದ್ದರು. ಹಳೆಯ ಇಪಿಎಬಿಎಕ್ಸ್‌ಗೆ (ಕಚೇರಿಯೊಳಗಿನ ಫೋನ್ ಎಕ್ಸ್‌ಚೇಂಜ್) ಈಗ ಬಿಡಿಭಾಗ ಸಿಗುತ್ತಿಲ್ಲ, ಎರಡು ಕಾರ್ಡ್ ಸುಟ್ಟುಹೋಗಿವೆ. ‘ಹೊಸದನ್ನು ನೀವೇ ಆರಿಸಿ, ನೀವೇ ನೋಡಿಕೊಳ್ಳಿ’ ಎಂದು ಮೇಲಿನವರು ಹೇಳಿದ್ದಾರೆ. ಮೂರು ಕೊಟೇಶನ್ ಬಂದಿವೆ. ನಮ್ಮ ಸರ್ವರ್‌ನಲ್ಲೇ ಆಸ್ಟೆರಿಸ್ಕ್ ಎಂಬ ಎಕ್ಸ್‌ಚೇಂಜ್ ತಂತ್ರಾಂಶ ಹಾಕಿಕೊಳ್ಳುವುದು ಒಂದು, ತಿಂಗಳ ಬಾಡಿಗೆಯ ಕ್ಲೌಡ್ ಎಕ್ಸ್‌ಚೇಂಜ್ ಇನ್ನೊಂದು, ಈಗಾಗಲೇ ಬಳಸುತ್ತಿರುವ ಮೀಟಿಂಗ್ ಆ್ಯಪ್‌ಗೇ ಹೊರಗಿನ ಲೈನ್ ಜೋಡಿಸುವುದು ಮೂರನೆಯದು. ನಮ್ಮ ಹುಡುಗರಿಗೆ ಮೊದಲನೆಯದರ ಮೇಲೆ ಮನಸ್ಸು. ಯಾವುದು ಸರಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಸರ್ವರ್ ಇದೆ, ನೆಟ್‌ವರ್ಕ್ ಇದೆ, ಸುಟ್ಟ ಕಾರ್ಡಿನ ಲೆಕ್ಕವೂ ಇದೆ. ಬೋರ್ಡ್ ನಂಬರಿಗೆ, ಅಂದರೆ ಕಂಪನಿಯ ಮುಖ್ಯ ನಂಬರಿಗೆ, ಬರುವ ಕರೆಯನ್ನು ಎತ್ತುವವರು ಯಾರು ಎಂಬುದು ಮಾತ್ರ ಎಲ್ಲೂ ಇಲ್ಲ. ನಾನು ಹನ್ನೊಂದು ವರ್ಷ ಆಪರೇಟರ್ ಕುರ್ಚಿಯಲ್ಲಿ ಕೂತವಳು. ನೆಟ್‌ವರ್ಕ್ ಕಲಿತದ್ದು ಆಮೇಲೆ. ಹಾಗಾಗಿ ನನ್ನ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.

ಮೂರು ಕೊಟೇಶನ್‌ಗಳನ್ನೂ ಒಂದು ವಾರ ಪಕ್ಕಕ್ಕಿಡಿ. ನಿಮ್ಮಲ್ಲಿ ಒಬ್ಬರು ಒಂದು ಇಡೀ ದಿನ ಆಪರೇಟರ್ ಪಕ್ಕದಲ್ಲಿ ಪುಸ್ತಕ ಹಿಡಿದು ಕೂರಲಿ. ಕರೆ ಬಂದ ಕೂಡಲೇ ಅವರು ಕನ್ಸೋಲಿನ ದೀಪಗಳತ್ತ ಒಮ್ಮೆ ಕಣ್ಣು ಹಾಯಿಸುತ್ತಾರೆ: ಯಾರು ಮಾತಿನಲ್ಲಿದ್ದಾರೆ, ಯಾರ ಲೈನ್ ಖಾಲಿ ಇದೆ. ಲೆಕ್ಕಪತ್ರದವರಿಗೆ ಕರೆ ಕೊಡುವ ಮುಂಚೆ ‘ಇಂಥವರು, ಇಂಥ ಬಿಲ್ ವಿಷಯ’ ಎಂದು ಅವರ ಕಿವಿಗೆ ಹಾಕಿ, ಅವರು ಸರಿ ಎಂದಮೇಲೆ ಕೊಡುತ್ತಾರೆ. ಆ ಕಡೆ ಯಾರೂ ಎತ್ತದಿದ್ದರೆ ಕರೆ ಅವರಿಗೇ ವಾಪಸ್ ಬರುತ್ತದೆ, ಅವರು ‘ದಯವಿಟ್ಟು ಒಂದು ನಿಮಿಷ’ ಎಂದು ಬೇರೆಯವರನ್ನು ಹುಡುಕುತ್ತಾರೆ. ಇವೆಲ್ಲ ನಡೆಯುವುದು ಐದಾರು ಸೆಕೆಂಡಿನಲ್ಲಿ. ಹೊಸ ವ್ಯವಸ್ಥೆಯಲ್ಲಿ ಈ ಐದಾರು ಸೆಕೆಂಡಿನ ಕೆಲಸ ಹೇಗೆ ಆಗುತ್ತದೆ ಎಂದು ಮಾರುವವರನ್ನು ಕೇಳಿ. ಮಾಡಿ ತೋರಿಸಲಿ. ತೋರಿಸಬೇಕಾದದ್ದು ನಿಮಗಲ್ಲ, ಆಪರೇಟರ್‌ಗೆ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಒಂದು ಕಂಪನಿಯವರು ಎಲ್ಲ ಕೊಂಡು ಮುಗಿದ ಮೇಲೆ ನನ್ನನ್ನು ಕರೆಸಿದ್ದರು. ಪರದೆ ಚೆನ್ನಾಗಿತ್ತು, ವರದಿಗಳು ಚೆನ್ನಾಗಿದ್ದವು. ಆದರೆ ಒಂದು ಕರೆಯನ್ನು ಇನ್ನೊಬ್ಬರಿಗೆ ಕೊಡಲು ನಾಲ್ಕು ಕಡೆ ಒತ್ತಬೇಕಿತ್ತು, ಯಾರು ಮಾತಿನಲ್ಲಿದ್ದಾರೆ ಎಂಬುದು ಬೇರೊಂದು ಕಿಟಕಿ ತೆರೆದರೆ ಮಾತ್ರ ಕಾಣುತ್ತಿತ್ತು. ಆಪರೇಟರ್ ಪಾಪ ಎಲ್ಲರ ಮೊಬೈಲ್ ನಂಬರನ್ನೂ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು, ಕರೆ ಮಾಡಿದವರಿಗೆ ‘ಈ ನಂಬರಿಗೆ ಮಾಡಿ’ ಎಂದು ಓದಿ ಹೇಳುತ್ತಿದ್ದಳು. ಮೂರು ತಿಂಗಳಲ್ಲಿ ಗ್ರಾಹಕರೆಲ್ಲ ಮಾರಾಟದವರ ಸ್ವಂತ ಮೊಬೈಲ್‌ಗೆ ಹೋಗಿಬಿಟ್ಟರು. ಆ ಮಾರಾಟದವರು ಕೆಲಸ ಬಿಟ್ಟಾಗ ಗ್ರಾಹಕರೂ ಅವರ ಹಿಂದೆ ಹೋದರು. ಇಷ್ಟಕ್ಕೂ ಕಾರಣ ಒಂದು ದೀಪ ಇಲ್ಲದೇ ಹೋದದ್ದು. ಆ ಹುಡುಗಿಯನ್ನು ಮೊದಲೇ ಒಂದು ಮಾತು ಕೇಳಿದ್ದರೆ ಸಾಕಿತ್ತು.

ಎರಡನೆಯ ಕೆಲಸ ಎಣಿಕೆ. ಹಳೆಯ ಇಪಿಎಬಿಎಕ್ಸ್‌ಗಳಲ್ಲಿ ಸಾಮಾನ್ಯವಾಗಿ ಪ್ರತಿ ಕರೆಯ ದಾಖಲೆ ಹೊರಬರುವ ಒಂದು ಸೀರಿಯಲ್ ಪೋರ್ಟ್ ಇರುತ್ತದೆ. ಅದಕ್ಕೆ ಒಂದು ಕಂಪ್ಯೂಟರ್ ಜೋಡಿಸಿ ಒಂದು ತಿಂಗಳ ದಾಖಲೆ ಹಿಡಿಯಿರಿ. ದಿನದ ಅತಿ ಗದ್ದಲದ ಒಂದು ಗಂಟೆಯನ್ನು ಹುಡುಕಿ. ಆ ಗಂಟೆಯಲ್ಲಿ 100 ಕರೆ, ಒಂದೊಂದೂ ಸರಾಸರಿ 3 ನಿಮಿಷ ಎಂದಿಟ್ಟುಕೊಳ್ಳೋಣ. ಒಟ್ಟು 300 ನಿಮಿಷದ ಮಾತು, ಅಂದರೆ ಒಂದು ಗಂಟೆಯುದ್ದಕ್ಕೂ ಐದು ಲೈನ್ ತುಂಬುವಷ್ಟು. ‘ಹಾಗಾದರೆ ಐದು ಲೈನ್ ಸಾಕಲ್ಲ’ ಎಂದು ಅನ್ನಿಸುತ್ತದೆ. ಸಾಲದು. ಕರೆಗಳು ಸರದಿಯಲ್ಲಿ ನಿಂತು ಬರುವುದಿಲ್ಲ, ಒಟ್ಟಿಗೇ ನುಗ್ಗುತ್ತವೆ. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ಗಣಿತಜ್ಞ ಎ. ಕೆ. ಎರ್ಲಾಂಗ್ 1917ರಲ್ಲೇ ಇದಕ್ಕೊಂದು ಸೂತ್ರ ಕೊಟ್ಟರು. ಅದರ ಪ್ರಕಾರ ಐದೇ ಲೈನ್ ಇದ್ದರೆ ನೂರರಲ್ಲಿ ಸುಮಾರು 28 ಕರೆಗೆ ಎಂಗೇಜ್ ಟೋನ್. ನೂರಕ್ಕೆ ಒಂದಕ್ಕಿಂತ ಕಡಿಮೆ ಮಾಡಬೇಕಾದರೆ 11 ಬೇಕು. ನೂರು ವರ್ಷ ದಾಟಿದ ಈ ಸೂತ್ರ ಇವತ್ತಿನ ಸಿಪ್ ಟ್ರಂಕ್‌ಗೂ, ಅಂದರೆ ನೆಟ್‌ವರ್ಕ್ ಮೇಲೆ ಬರುವ ಹೊರಗಿನ ಲೈನಿಗೂ, ಹಾಗೇ ಹೊಂದುತ್ತದೆ. ‘ನಿಮಗೆ 30 ಚಾನೆಲ್ (ಲೈನ್) ಬೇಕಾಗುತ್ತದೆ’ ಎಂದು ಯಾರಾದರೂ ಹೇಳಿದರೆ ನಿಮ್ಮ ಲೆಕ್ಕವನ್ನು ಮುಂದಿಡಿ. 120 ಜನರಿದ್ದಾರೆ ಎಂದು 120 ಲೈನ್ ಬೇಕಿಲ್ಲ, ‘ಅಂದಾಜಿಗೆ ಎಂಟು ಸಾಕು’ ಎನ್ನುವುದೂ ಸರಿಯಲ್ಲ.

ಇನ್ನು ನಿಮ್ಮ ನೆಟ್‌ವರ್ಕ್. ಮೂರರಲ್ಲಿ ಯಾವುದನ್ನು ಆರಿಸಿದರೂ ಮಾತು ಹರಿಯುವುದು ಇದರ ಮೇಲೇ, ಮತ್ತು ಇದು ಯಾವ ಕೊಟೇಶನ್‌ನಲ್ಲೂ ಇರುವುದಿಲ್ಲ. ಜಿ.711 ಎಂಬ ಹಳೆಯ, ನೆಚ್ಚಬಹುದಾದ ಕೊಡೆಕ್‌ನಲ್ಲಿ (ಧ್ವನಿಯನ್ನು ಅಂಕಿಗಳಾಗಿಸುವ ವಿಧಾನ) ಧ್ವನಿಗೆ ಸೆಕೆಂಡಿಗೆ 64 ಕಿಲೋಬಿಟ್ ಬೇಕು. ಧ್ವನಿಯ ತುಣುಕು ಹೊತ್ತ ಪ್ರತಿ ಪ್ಯಾಕೆಟ್‌ಗೆ ಸುತ್ತುವ ವಿಳಾಸದ ಹೊದಿಕೆ ಸೇರಿದರೆ ಈಥರ್ನೆಟ್ ಮೇಲೆ ಸುಮಾರು 87 ಕಿಲೋಬಿಟ್, ಹೋಗುವ ದಿಕ್ಕಿಗೂ ಅಷ್ಟು, ಬರುವ ದಿಕ್ಕಿಗೂ ಅಷ್ಟು. 11 ಕರೆ ಒಟ್ಟಿಗೆ ನಡೆದರೂ ಒಂದು ಮೆಗಾಬಿಟ್‌ನ ಆಸುಪಾಸು. ಹಾಗಾಗಿ ‘ನಮ್ಮ ಇಂಟರ್‌ನೆಟ್ ದೊಡ್ಡದಿದೆ, ಚಿಂತೆಯಿಲ್ಲ’ ಎನ್ನುವವರೇ ಹೆಚ್ಚು. ಆದರೆ ಧ್ವನಿಗೆ ಬೇಕಾದದ್ದು ಹೊತ್ತಿಗೆ ಸರಿಯಾಗಿ ತಲುಪುವುದು. 20 ಮಿಲಿಸೆಕೆಂಡಿಗೊಂದರಂತೆ ಸೆಕೆಂಡಿಗೆ 50 ಪ್ಯಾಕೆಟ್ ಹೊರಡುತ್ತವೆ. ತಡವಾಗಿ ಬಂದದ್ದು ಬಾರದೇ ಹೋದದ್ದಕ್ಕೆ ಸಮ. ಬಾಯಿಂದ ಕಿವಿಗೆ ಒಂದು ದಿಕ್ಕಿನ ತಡ 150 ಮಿಲಿಸೆಕೆಂಡಿನೊಳಗಿದ್ದರೆ ಮಾತು ಸಹಜವಾಗಿರುತ್ತದೆ ಎಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸು. ಅದು ತೀರ ಹೆಚ್ಚಿದರೆ ಇಬ್ಬರೂ ಒಟ್ಟಿಗೇ ಬಾಯಿ ತೆರೆಯುತ್ತಾರೆ, ಒಟ್ಟಿಗೇ ನಿಲ್ಲಿಸುತ್ತಾರೆ.

ನಾನು ನೋಡಿಕೊಳ್ಳುತ್ತಿದ್ದ ಒಂದು ಕಚೇರಿಯಲ್ಲಿ ದಿನಾ ಸಂಜೆ ನಾಲ್ಕಕ್ಕೆ ಸರಿಯಾಗಿ ಧ್ವನಿ ಕತ್ತರಿಸುತ್ತಿತ್ತು. ಫೋನ್ ಬದಲಿಸಿದೆವು, ಕೇಬಲ್ ಬದಲಿಸಿದೆವು. ಕೊನೆಗೆ ಸಿಕ್ಕಿದ್ದು, ನಾಲ್ಕಕ್ಕೆ ಶುರುವಾಗುತ್ತಿದ್ದ ಬ್ಯಾಕಪ್. ಅದು ಮೇಲ್ಮುಖದ ದಾರಿಯನ್ನೆಲ್ಲ ತುಂಬಿಕೊಳ್ಳುತ್ತಿತ್ತು. ಫೋನ್‌ಗಳಿಗೆ ಪ್ರತ್ಯೇಕ ವಿಲ್ಯಾನ್ (ಅದೇ ತಂತಿಗಳ ಮೇಲೆ ಬೇರೆಯದೇ ನೆಟ್‌ವರ್ಕ್) ಮಾಡಿ, ಧ್ವನಿಯ ಪ್ಯಾಕೆಟ್‌ಗಳಿಗೆ ಡಿಎಸ್‌ಸಿಪಿ 46 ಎಂಬ ಆದ್ಯತೆಯ ಗುರುತು ಹಾಕಿ, ಹೊರಹೋಗುವ ರೂಟರ್‌ನಲ್ಲಿ ಆ ಗುರುತಿನವಕ್ಕೆ ಮೊದಲ ದಾರಿ ಬಿಟ್ಟ ಮೇಲೆ ಸರಿಹೋಯಿತು. ನಿಮ್ಮ ಗೇಟು ದಾಟಿ ಇಂಟರ್‌ನೆಟ್‌ಗೆ ಹೋದಮೇಲೆ ಆ ಗುರುತಿಗೆ ಯಾರೂ ಮರ್ಯಾದೆ ಕೊಡಬೇಕೆಂದಿಲ್ಲ. ಆದರೆ ಗಂಟಲು ಸಾಮಾನ್ಯವಾಗಿ ಕಟ್ಟುವುದು ಗೇಟಿನಲ್ಲೇ.

ಕರೆಂಟಿನ ವಿಷಯವನ್ನೂ ಇಲ್ಲೇ ನೋಡಿ. ಹಳೆಯ ಫೋನಿಗೆ ಎಕ್ಸ್‌ಚೇಂಜೇ ಕರೆಂಟು ಕೊಡುತ್ತಿತ್ತು. ಈಗ ಅದನ್ನು ನೆಟ್‌ವರ್ಕ್ ಸ್ವಿಚ್ ಕೊಡಬೇಕು. ನೆಟ್‌ವರ್ಕ್ ತಂತಿಯಲ್ಲೇ ಕರೆಂಟು ಕಳಿಸುವ 802.3ಎಎಫ್ ಮಾನಕದಲ್ಲಿ ಒಂದು ಪೋರ್ಟ್ 15.4 ವ್ಯಾಟ್‌ವರೆಗೆ ಕೊಡಬಲ್ಲದು, ಆದರೆ 48 ಪೋರ್ಟ್‌ಗೂ ಏಕಕಾಲಕ್ಕೆ ಅಷ್ಟು ಕೊಡುವ ಶಕ್ತಿ ಎಲ್ಲ ಸ್ವಿಚ್‌ಗಳಿಗೂ ಇರುವುದಿಲ್ಲ. ಒಟ್ಟು ವ್ಯಾಟ್ ಎಷ್ಟು ಎಂದು ನೋಡಿಯೇ ಕೊಳ್ಳಿ. ಸ್ವಿಚ್‌ಗೆ ಯುಪಿಎಸ್ ಇಲ್ಲದಿದ್ದರೆ ಕರೆಂಟು ಹೋದ ಗಳಿಗೆಯಲ್ಲೇ ಇಡೀ ಕಚೇರಿ ಮೂಕ.

ಈಗ ನಿಮ್ಮ ಮೂರು ದಾರಿಗೆ ಬರೋಣ. 1999ರಲ್ಲಿ ಮಾರ್ಕ್ ಸ್ಪೆನ್ಸರ್ ಶುರುಮಾಡಿದ ಆಸ್ಟೆರಿಸ್ಕ್ ಬಗ್ಗೆ ನನಗೆ ತುಂಬ ಗೌರವವಿದೆ. ಎಕ್ಸ್‌ಚೇಂಜಿನ ಒಳಗು ಏನೆಂದು ನಾನು ನಿಜವಾಗಿ ಕಲಿತದ್ದು ಅದರ ಡಯಲ್‌ಪ್ಲಾನ್ (ಯಾವ ಕರೆ ಎಲ್ಲಿಗೆ ಹೋಗಬೇಕೆಂಬ ನಿಯಮಗಳು) ಬರೆಯುತ್ತಾ. ನಿಮ್ಮ ಹುಡುಗರ ಆಸೆ ನನಗೆ ಅರ್ಥವಾಗುತ್ತದೆ. ಆದರೂ ನಿಮಗೆ ಅದು ಬೇಡ ಎನ್ನುತ್ತೇನೆ. ನೀವು ಮೂವರು. ಒಬ್ಬರು ರಜೆ, ಒಬ್ಬರು ಶಾಖೆಗೆ ಹೋಗಿದ್ದಾರೆ, ಮೂರನೆಯವರ ಮುಂದೆ ಸತ್ತ ಸರ್ವರ್. ಇಮೇಲ್ ಅರ್ಧ ಗಂಟೆ ನಿಂತರೆ ಜನ ಕಾಯುತ್ತಾರೆ. ಫೋನ್ ಎರಡು ನಿಮಿಷ ನಿಂತರೆ ನಿಮ್ಮ ಬಾಗಿಲಿಗೆ ಬರುತ್ತಾರೆ. ಒಂದು ಕಡೆ ಡಯಲ್‌ಪ್ಲಾನ್ ಬರೆದವನು ಕೆಲಸ ಬಿಟ್ಟುಹೋದ ಮೇಲೆ ರಜಾದಿನದ ಧ್ವನಿ ಸಂದೇಶವನ್ನು ಬದಲಿಸಲೂ ಯಾರಿಗೂ ಧೈರ್ಯ ಬರಲಿಲ್ಲ. ಎರಡು ವರ್ಷ ಅದೇ ಹಳೆಯ ಸಂದೇಶ ಕೇಳಿಸುತ್ತಿತ್ತು. ಬರೆದಿಡುವವರು, ನವೀಕರಿಸುವವರು, ರಾತ್ರಿ ಎದ್ದು ನೋಡುವವರು ಇಬ್ಬರಾದರೂ ಇದಕ್ಕೆಂದೇ ಇದ್ದರೆ ಮಾತು ಬೇರೆ. ರೆಕಾರ್ಡಿಂಗ್ ಹೊರಗೆ ಹೋಗಕೂಡದು ಎಂಬ ನಿಯಮ ನಿಮ್ಮ ಕ್ಷೇತ್ರದಲ್ಲಿದ್ದರೂ ಮಾತು ಬೇರೆ.

ಮೀಟಿಂಗ್ ಆ್ಯಪ್ ಸುಲಭ, ಎಲ್ಲರಿಗೂ ಪರಿಚಿತ. ದಿನವಿಡೀ ಲ್ಯಾಪ್‌ಟಾಪ್ ಮುಂದೆ ಕೂರುವವರಿಗೆ ಸಾಕು. ಆದರೆ ನಿಮ್ಮ ಗೋದಾಮಿನಲ್ಲಿ ಲ್ಯಾಪ್‌ಟಾಪ್ ಹಿಡಿದು ಓಡಾಡುವವರು ಯಾರು? ಆಪರೇಟರ್‌ಗೆ ಬೇಕಾದ ದೀಪಗಳ ಸಾಲು ಅದರಲ್ಲಿ ಇದೆಯೇ? ಇನ್ನೊಂದು ವಿಷಯ: ಇಂಥ ಸೇವೆಗಳು ನಿಲ್ಲುತ್ತವೆ. ಸ್ಕೈಪ್ ಫಾರ್ ಬಿಸಿನೆಸ್ ಆನ್‌ಲೈನ್ 2021ರ ಜುಲೈ 31ಕ್ಕೆ ನಿಂತಿತು, ಸ್ಕೈಪ್ 2025ರ ಮೇ 5ಕ್ಕೆ. ನಿಮ್ಮ ನಂಬರುಗಳು ಆ್ಯಪ್‌ನವರ ಬಳಿಯೇ ಇದ್ದರೆ ಹೊರಡುವಾಗ ಕಷ್ಟ.

ನಿಮ್ಮ ಜಾಗದಲ್ಲಿದ್ದರೆ ನಾನು ಕ್ಲೌಡ್ ಎಕ್ಸ್‌ಚೇಂಜ್ ತೆಗೆದುಕೊಳ್ಳುತ್ತಿದ್ದೆ, ನೆಟ್‌ವರ್ಕನ್ನು ಪೂರ್ತಿ ನನ್ನ ಕೈಯಲ್ಲಿ ಇಟ್ಟುಕೊಳ್ಳುತ್ತಿದ್ದೆ. ಬೇರೆ ಬೇರೆ ದಾರಿಯಲ್ಲಿ ಬರುವ ಎರಡು ಇಂಟರ್‌ನೆಟ್ ಸಂಪರ್ಕ ಬೇಕು. ಎರಡೂ ಹೋದರೆ ಕರೆಗಳು ತಾನಾಗಿ ಯಾವ ಮೊಬೈಲ್‌ಗಳಿಗೆ ಹೋಗಬೇಕು ಎಂಬುದನ್ನು ಮೊದಲ ದಿನವೇ ಬರೆದು ಹೊಂದಿಸಬೇಕು. ಕ್ಲೌಡ್‌ನ ನಿಜವಾದ ಅನುಕೂಲ ಇದೇ: ನಿಮ್ಮ ಕಟ್ಟಡ ಪೂರ್ತಿ ಕತ್ತಲಾದರೂ ಕರೆ ಮಾಡಿದವರಿಗೆ ಆ ಕಡೆ ಯಾರೋ ‘ಹಲೋ’ ಎನ್ನುತ್ತಾರೆ. ಗೋದಾಮಿಗೆ ವೈಫೈ ಫೋನ್ ಕೊಡಬೇಡಿ, ಡೆಕ್ಟ್ ಕಾರ್ಡ್‌ಲೆಸ್ ಕೊಡಿ. ಕಬ್ಬಿಣದ ಕಪಾಟುಗಳ ನಡುವೆ ನಡೆಯುತ್ತಾ ಮಾತನಾಡುವವರಿಗೆ ವೈಫೈ ತನ್ನ ಒಂದು ಪ್ರಸಾರದ ಪೆಟ್ಟಿಗೆಯಿಂದ ಇನ್ನೊಂದಕ್ಕೆ ದಾಟುವಾಗ ಧ್ವನಿ ನುಂಗುತ್ತದೆ. ಡೆಕ್ಟ್ ಹುಟ್ಟಿದ್ದೇ ಮಾತಿಗಾಗಿ.

ಸಹಿ ಹಾಕುವ ಮುಂಚೆ ಮೂರು ಮಾತು ಬರವಣಿಗೆಯಲ್ಲಿ ಬರಲಿ. ನಂಬರುಗಳು ನಿಮ್ಮ ಕಂಪನಿಯ ಹೆಸರಿನಲ್ಲೇ ಇರಬೇಕು, ಬಿಟ್ಟುಹೋಗುವಾಗ ಜೊತೆಗೆ ಒಯ್ಯುವಂತಿರಬೇಕು. ರೆಕಾರ್ಡಿಂಗ್ ಮತ್ತು ಕರೆ ದಾಖಲೆಗಳನ್ನು ಸಾಮಾನ್ಯ ಫೈಲ್‌ಗಳಾಗಿ ವಾಪಸ್ ಕೊಡಬೇಕು. ತುರ್ತು ಸೇವೆಗೆ ಕರೆ ಮಾಡಿದಾಗ ಯಾವ ವಿಳಾಸ ಹೋಗುತ್ತದೆ ಎಂಬುದು ಸ್ಪಷ್ಟವಿರಬೇಕು. ಶಾಖೆಯಲ್ಲಿ ಬೆಂಕಿ ಬಿದ್ದಾಗ ಗಾಡಿ ಮುಖ್ಯ ಕಚೇರಿಗೆ ಬರಬಾರದು.

ಕಳ್ಳರ ಬಗ್ಗೆ ಹೇಳದೆ ಮುಗಿಸಲಾರೆ. ಕರೆಗಳನ್ನು ಜೋಡಿಸುವ ಸಿಪ್ ನಿಯಮಾವಳಿ ಬಳಸುವ 5060 ಪೋರ್ಟನ್ನು ಇಂಟರ್‌ನೆಟ್‌ಗೆ ತೆರೆದಿಟ್ಟರೆ ತಟ್ಟುವವರು ತಡವಿಲ್ಲದೆ ಬರುತ್ತಾರೆ. ಎಕ್ಸ್‌ಟೆನ್ಷನ್ 201, ಪಾಸ್‌ವರ್ಡೂ 201 ಎಂದು ಇಟ್ಟಿದ್ದ ಒಂದು ಕಚೇರಿಯಲ್ಲಿ ವಾರಾಂತ್ಯದ ಎರಡು ರಾತ್ರಿ ದುಬಾರಿ ವಿದೇಶಿ ನಂಬರುಗಳಿಗೆ ಕರೆ ಹರಿದವು. ಸೋಮವಾರ ಅವರು ನನಗೆ ಫೋನ್ ಮಾಡಿದಾಗಿನ ಧ್ವನಿ ಇನ್ನೂ ಕಿವಿಯಲ್ಲಿದೆ. ವಿದೇಶಿ ಕರೆ ಬೇಕಾದವರಿಗೆ ಮಾತ್ರ ತೆರೆಯಿರಿ, ದಿನದ ಖರ್ಚಿಗೆ ಮಿತಿ ಹಾಕಿಸಿ, ಒಂದೊಂದು ಫೋನಿಗೂ ಉದ್ದದ ಬೇರೆ ಬೇರೆ ಪಾಸ್‌ವರ್ಡ್ ಇರಲಿ. ಕಂಪ್ಯೂಟರ್‌ಗೆ ಹಾಕುವ ಫೋನ್ ಆ್ಯಪ್ ಕೂಡ ಒಂದು ಬಾಗಿಲೇ: 2023ರ ಮಾರ್ಚ್‌ನಲ್ಲಿ 3ಸಿಎಕ್ಸ್ ಎಂಬ ಫೋನ್ ತಂತ್ರಾಂಶದ ಡೆಸ್ಕ್‌ಟಾಪ್ ಆ್ಯಪ್‌ನ ಅಧಿಕೃತ ನವೀಕರಣದೊಳಗೇ ದಾಳಿಕೋರರು ಕೇಡಿನ ಕೋಡ್ ಸೇರಿಸಿದ್ದರು. ಅಂಥ ಸುದ್ದಿ ಬಂದ ದಿನ ಎಲ್ಲ ಯಂತ್ರಗಳಿಂದ ಒಂದೇ ಸಲಕ್ಕೆ ತೆಗೆದುಹಾಕುವ ದಾರಿ ನಿಮ್ಮಲ್ಲಿ ಸಿದ್ಧವಿರಲಿ.

ಪ್ರಶ್ನೆ: ಹೊಸ ಐಪಿ ಫೋನ್ ಹಾಕಿದ ಮೇಲೆ ಹೊರಗಿನಿಂದ ಬರುವ ಕರೆ ಅರ್ಧ ನಿಮಿಷಕ್ಕೆ ಸರಿಯಾಗಿ ಕಟ್ ಆಗುತ್ತದೆ. ಲೈನ್ ಕೊಟ್ಟವರು ‘ನಿಮ್ಮ ತಪ್ಪು’ ಎನ್ನುತ್ತಾರೆ, ಫೋನ್ ಕೊಟ್ಟವರು ‘ಲೈನಿನ ತಪ್ಪು’ ಎನ್ನುತ್ತಾರೆ.

ಉತ್ತರ: ಗಡಿಯಾರ ಹಿಡಿದು ನೋಡಿ. 32 ಸೆಕೆಂಡ್ ಇದ್ದರೆ ನನಗೆ ಹಳೆಯ ಪರಿಚಯದವರನ್ನು ಕಂಡಂತೆ. ನೀವು ರಿಸೀವರ್ ಎತ್ತಿದಾಗ ನಿಮ್ಮ ಎಕ್ಸ್‌ಚೇಂಜ್ ‘ಎತ್ತಿದೆ’ ಎಂದು ಹೇಳಿ ಕಳಿಸುತ್ತದೆ, ಆ ಕಡೆಯಿಂದ ‘ತಿಳಿಯಿತು’ ಎಂಬ ಮರುಮಾತು ಬರಬೇಕು. ಬಾರದಿದ್ದರೆ ಮತ್ತೆ ಮತ್ತೆ ಹೇಳಿ, ಕೊನೆಗೆ ಕೈಬಿಡುತ್ತದೆ. 2002ರ ಸಿಪ್ ಮಾನಕ ಆರ್‌ಎಫ್‌ಸಿ 3261ರಲ್ಲಿ ಆ ಗಡುವು ಅರ್ಧ ಸೆಕೆಂಡಿನ 64 ಪಟ್ಟು, ಅಂದರೆ 32 ಸೆಕೆಂಡ್. ಮರುಮಾತು ದಾರಿ ತಪ್ಪುವುದಕ್ಕೆ ಸಾಮಾನ್ಯ ಕಾರಣ, ನಿಮ್ಮ ಎಕ್ಸ್‌ಚೇಂಜ್ ತನ್ನ ಹೊರಗಿನ ವಿಳಾಸದ ಬದಲು 192.168ರಿಂದ ಶುರುವಾಗುವ ಒಳಗಿನ ವಿಳಾಸವನ್ನು ಹೇಳಿರುವುದು. ಅದನ್ನು ತಿದ್ದಿ. ಜೊತೆಗೆ ರೂಟರ್‌ನಲ್ಲಿ ‘ಸಿಪ್ ಎಎಲ್‌ಜಿ’ ಎಂಬುದಿದ್ದರೆ ಆಫ್ ಮಾಡಿಬಿಡಿ. ಸಹಾಯಕ್ಕೆಂದು ಇಟ್ಟ ಅದು ಸಂದೇಶದೊಳಗಿನ ವಿಳಾಸಗಳನ್ನು ತಿದ್ದಲು ಹೋಗಿ ಕೆಡಿಸುವುದೇ ಹೆಚ್ಚು. 15 ನಿಮಿಷದ ಆಸುಪಾಸಿನಲ್ಲಿ ಕಟ್ ಆಗುತ್ತಿದ್ದರೆ ರೋಗ ಬೇರೆ, ಅದು ಸೆಷನ್ ಟೈಮರ್, ಅಂದರೆ ಕರೆ ಇನ್ನೂ ಇದೆಯೇ ಎಂದು ಆಗಾಗ ವಿಚಾರಿಸುವ ಏರ್ಪಾಡು. ಕರೆ ಕಟ್ ಆಗದೆ ಒಬ್ಬರ ಧ್ವನಿ ಮಾತ್ರ ಕೇಳಿಸುತ್ತಿದ್ದರೆ ಧ್ವನಿ ಹರಿಯುವ ಆರ್‌ಟಿಪಿ ಪೋರ್ಟ್‌ಗಳನ್ನು ಫೈರ್‌ವಾಲ್ ತಡೆದಿದೆಯೇ ನೋಡಿ.

ಪ್ರಶ್ನೆ: ಮೇಜಿನ ಮೇಲೆ ಫೋನ್ ಇನ್ನೂ ಬೇಕೇ? ಎಲ್ಲರಿಗೂ ಹೆಡ್‌ಸೆಟ್ ಕೊಟ್ಟರೆ ಸಾಲದೇ?

ಉತ್ತರ: ಹೆಚ್ಚಿನವರಿಗೆ ಸಾಕು. ಆಪರೇಟರ್, ಕಾವಲಿನವರು, ಮೀಟಿಂಗ್ ಕೊಠಡಿ, ಇಷ್ಟು ಕಡೆ ಮಾತ್ರ ನಿಜವಾದ ಫೋನ್ ಇಡಿ. ಹೆಡ್‌ಸೆಟ್‌ನಲ್ಲಿ ಮಾತ್ರ ಹಣ ಉಳಿಸಬೇಡಿ. ಪಕ್ಕದ ಮೇಜಿನ ಮಾತೆಲ್ಲ ಗ್ರಾಹಕರಿಗೆ ಕೇಳಿಸುವ ಮೈಕ್ ಇದ್ದರೆ ಒಳ್ಳೆಯ ಕೊಡೆಕ್ ಏನೂ ಮಾಡಲಾರದು.

ಪ್ರಶ್ನೆ: ಹೊಸದು ಚಾಲೂ ಆಗಿ ಒಂದು ವಾರವಾಯಿತು. ಹಳೆಯ ಇಪಿಎಬಿಎಕ್ಸ್ ಅನ್ನು ಕಳಚಿ ಹಾಕಬಹುದೇ?

ಉತ್ತರ: ಇನ್ನೂ ಬೇಡ, ಒಂದು ತಿಂಗಳು ಚಾಲೂ ಇರಲಿ. ಅದರ ಹಿಂದಿನ ಒಂದೊಂದು ಜೋಡಿ ತಂತಿಯನ್ನೂ ಟೋನರ್ (ತಂತಿಯ ಜಾಡು ಹಿಡಿಯುವ ಸಾಧನ) ಹಿಡಿದು ಕೊನೆಯವರೆಗೆ ಹುಡುಕಿ. ಫ್ಯಾಕ್ಸ್, ಬೆಂಕಿಯ ಅಲಾರಂ ಪೆಟ್ಟಿಗೆ, ಗೇಟಿನ ಫೋನ್, ಇವು ಯಾರ ಪಟ್ಟಿಯಲ್ಲೂ ಇರುವುದಿಲ್ಲ, ಯಾರೂ ದೂರುವುದೂ ಇಲ್ಲ. ನಾನು ಒಮ್ಮೆ ಎಲ್ಲ ಮುಗಿಯಿತೆಂದುಕೊಂಡು ಕೊನೆಗೆ ಉಳಿದ ಒಂದು ಜೋಡಿಯ ಜಾಡು ಹಿಡಿದು ಹೋದರೆ ಅದು ಲಿಫ್ಟಿನೊಳಗೆ ಮುಗಿಯಿತು. ಒಳಗೆ ಸಿಕ್ಕಿಕೊಂಡವರು ಒತ್ತುವ ಗುಂಡಿಯ ತಂತಿ. ಅದಕ್ಕೊಂದು ಅಡಾಪ್ಟರ್ ಹಾಕಿ, ಯುಪಿಎಸ್‌ಗೆ ಜೋಡಿಸಿ, ಲಿಫ್ಟಿನ ಬಾಗಿಲು ಮುಚ್ಚಿಕೊಂಡು ನಾನೇ ಗುಂಡಿ ಒತ್ತಿದೆ. ಆಪರೇಟರ್ ‘ಹಲೋ, ಹೇಳಿ’ ಎಂದಮೇಲೆ ಹಳೆಯದರ ಸ್ವಿಚ್ ಆರಿಸಿದೆ. ನೀವೂ ಅದೊಂದನ್ನು ಮೊದಲು ನೋಡಿ.